ಕಾರಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ

ನಾನೇನು ನಗಿಸುವ ಕಸುಬಿನವನಲ್ಲ, ಕಾರು ರಿಪೇರಿ ಮಾಡುವವನು. ಆದರೂ ನಗು ಬರದೆ ಮುಗಿದ ವಾರ ನನ್ನ ಗ್ಯಾರೇಜಿನಲ್ಲಿ ಇಲ್ಲ. ಗ್ಯಾರೇಜು ಇರುವುದು ಮೈಸೂರಿನ ಕುಂಬಾರಕೊಪ್ಪಲಿನಲ್ಲಿ. ನಮ್ಮಪ್ಪ ಊರಿನಲ್ಲಿ ಎತ್ತು ಕುಂಟಿದರೆ ಗೊರಸು ಎತ್ತಿ ನೋಡಿ ಮುಳ್ಳು ಎಲ್ಲಿದೆ ಎಂದು ಹೇಳುತ್ತಿದ್ದರು. ನನ್ನ ಕೆಲಸವೂ ಅದೇ, ಎತ್ತು ಮಾತ್ರ ಬದಲಾಗಿದೆ. ಎತ್ತಿಗೆ ಬಾಯಿಲ್ಲದ್ದರಿಂದ ಅಪ್ಪನಿಗೆ ಸುಳ್ಳು ಕೇಳಬೇಕಾದ ಕಷ್ಟ ಇರಲಿಲ್ಲ. ನನಗೆ ಬರುವ ಗಿರಾಕಿಗಳಿಗೆ ಬಾಯಿ ಇದೆ.

ಪುಣ್ಯಕ್ಕೆ ಈಗಿನ ಕಾರುಗಳಿಗೂ ಬಾಯಿ ಬಂದಿದೆ. ಒಳಗೊಂದು ಕಂಪ್ಯೂಟರ್ ಇರುತ್ತದೆ. ಏನಾದರೂ ಕೆಟ್ಟರೆ ಅದು ಡ್ರೈವರ್ ಮುಂದೆ ಒಂದು ಹಳದಿ ಲೈಟು ಹತ್ತಿಸಿ, ಕೆಟ್ಟದ್ದು ಯಾವುದು, ಆಗ ಕಾರು ಎಷ್ಟು ವೇಗದಲ್ಲಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಅನ್ನುವುದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಸ್ಟೀರಿಂಗಿನ ಕೆಳಗಿರುವ ಸಾಕೆಟ್ಟಿಗೆ ನನ್ನ ಸ್ಕ್ಯಾನರ್ ಸಿಕ್ಕಿಸಿದರೆ ಸಾಕು, ಒಂದೂ ಬಿಡದೆ ಕಕ್ಕಿಬಿಡುತ್ತದೆ. ಕೇಳಿಸಿಕೊಂಡ ನಾನು ಮುಖದಲ್ಲಿ ಏನೂ ತೋರಿಸದೆ ನಿಲ್ಲಬೇಕು. ನನಗೆ ರಿಪೇರಿಗಿಂತ ಕಷ್ಟವಾದ ಕೆಲಸ ಅದು.

ಬೊಟ್ಟಿಟ್ಟ ಕಾರು

ಕೃಷ್ಣಮೂರ್ತಿಪುರಂನ ವಕೀಲರೊಬ್ಬರು ಒಂದು ಬೆಳಿಗ್ಗೆ ಸಪ್ಪೆ ಮುಖ ಹಾಕಿಕೊಂಡು ಬಂದರು. ಕಾರು ಏರಿನಲ್ಲಿ ಎಳೆಯುತ್ತಿಲ್ಲ, ಎಂಜಿನ್ ಬಿಚ್ಚಬೇಕಾಗುತ್ತೆ ಅಂತ ಯಾರೋ ಹೆದರಿಸಿದ್ದಾರೆ, ಎರಡು ದಿನದಿಂದ ಊಟ ಸೇರುತ್ತಿಲ್ಲ ಅಂದರು. ಹಳದಿ ಲೈಟು ಏನಾದರೂ ಹತ್ತಿದೆಯಾ ಸಾರ್ ಎಂದು ಕೇಳಿದೆ. ಹತ್ತಿರಬೇಕು, ಆದರೆ ಕಾಣುವುದಿಲ್ಲ ಅಂದರು. ಹತ್ತಿದ ಲೈಟು ಕಾಣದೆ ಇರುವುದು ಹೇಗೆ ಎಂದು ನಾನು ಬಗ್ಗಿ ನೋಡಿದೆ. ಮೀಟರಿನ ಗಾಜಿನ ಮೇಲೆ ಒಂದು ಸೊಗಸಾದ ಮೆರೂನ್ ಬಣ್ಣದ ಬೊಟ್ಟು ಇತ್ತು.

ಎರಡು ತಿಂಗಳಿಂದ ಲೈಟು ಕಣ್ಣಿಗೆ ಚುಚ್ಚುತ್ತಿತ್ತಂತೆ. ಕೋರ್ಟಿಗೆ ಹೋಗುವ ದಾರಿಯುದ್ದಕ್ಕೂ ಅದನ್ನು ನೋಡಿ ನೋಡಿ ಬಿ.ಪಿ. ಏರುತ್ತಿತ್ತಂತೆ. ಅದಕ್ಕೆ ಹೆಂಡತಿಯ ಸ್ಟಿಕರ್ ಹಾಳೆಯಿಂದ ಒಂದನ್ನು ಕಿತ್ತು ಅಂಟಿಸಿಬಿಟ್ಟಿದ್ದರು. ಸಾಕ್ಷಿಯನ್ನು ಮುಚ್ಚಿಟ್ಟರೆ ಕೇಸು ಮುಗಿಯುತ್ತದೆ ಎಂದು ಇವರಿಗೆ ಯಾರು ಹೇಳಿಕೊಟ್ಟರೋ.

ಸ್ಕ್ಯಾನರ್ ಹಾಕಿದೆ. ಗಾಳಿ ಅಳೆಯುವ ಒಂದು ಸೆನ್ಸರಿನಿಂದ ಸುದ್ದಿಯೇ ಬರುತ್ತಿಲ್ಲ ಎಂದು ಬರೆದಿತ್ತು. ಬಾನೆಟ್ ಎತ್ತಿ ನೋಡಿದರೆ ಇಲಿ ಅದರ ವೈರನ್ನು ಕಡಿದು, ಪಕ್ಕದಲ್ಲೇ ಅರ್ಧ ಕೋಡುಬಳೆ ಬಿಟ್ಟುಹೋಗಿತ್ತು. ವೈರು ಸೇರಿಸಿ ಟೇಪು ಸುತ್ತಿದೆ, ಕಾರು ಕುದುರೆಯ ಹಾಗೆ ಎಳೆಯಿತು. ವಕೀಲರು ಉಸ್ಸಪ್ಪಾ ಎಂದು ಸ್ಟೂಲಿನ ಮೇಲೆ ಕೂತರು. ನನಗೂ ಕಾಫಿ ತರಿಸಿದರು, ಪಕ್ಕದ ಪಂಕ್ಚರ್ ಅಂಗಡಿಯವನಿಗೂ ತರಿಸಿದರು. ಲೈಟು ಆರಿದೆ ಸಾರ್, ಇನ್ನು ಆ ಬೊಟ್ಟು ತೆಗೆಯಲಾ ಅಂದೆ.

ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿ, "ಇರ್ಲಿ ಬುಡ್ರೀ," ಅಂದರು. "ನೋಡಿ ನೋಡಿ ಅಭ್ಯಾಸ ಆಗೋಗಿದೆ. ಈಗ ತೆಗೆದ್ರೆ ಮುತ್ತೈದೆ ಹಣೆ ಬರಿದಾದಂಗೆ ಕಾಣುತ್ತೆ."

ನಲವತ್ತರ ಮೇಷ್ಟ್ರು

ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನ್ನ ಹಳೆಯ ಗಿರಾಕಿ. ಕಾರನ್ನು ಅವರಷ್ಟು ನಿಧಾನವಾಗಿ ಓಡಿಸುವವರು ಮೈಸೂರಿನಲ್ಲಿ ಇನ್ನೊಬ್ಬರಿಲ್ಲ. ರಿಂಗ್ ರೋಡಿನಲ್ಲಿ ಅವರನ್ನು ಸೈಕಲ್ಲಿನವರು ಹಿಂದೆ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಲವತ್ತು ದಾಟಿದರೆ ಅದು ಪ್ರಯಾಣ ಅಲ್ಲಪ್ಪ, ಪ್ರಾರಬ್ಧ ಅನ್ನುವುದು ಅವರ ಮಾತು.

ಆವತ್ತು ಹೆಂಡತಿಯನ್ನೂ ಕೂರಿಸಿಕೊಂಡು ಬಂದರು. ಕಾರು ಆಗಾಗ ಜರ್ಕ್ ಹೊಡೆಯುತ್ತದೆ, ನನ್ನ ಕೈ ಕಾಲು ಹಿಡಿತ ತಪ್ಪುತ್ತಿದೆಯೋ ಏನೋ, ಇನ್ನು ಕಾರು ಮಾರಿಬಿಡುವುದೇ ವಾಸಿ ಅಂದರು. ಹಾಗೆನ್ನುತ್ತ ಸ್ಟೀರಿಂಗನ್ನು ಒಮ್ಮೆ ಸವರಿದರು. ನನಗೂ ಪಿಚ್ಚೆನಿಸಿತು. ವಯಸ್ಸಾದವರು ಕಾರು ಮಾರುವ ಮಾತೆತ್ತಿದರೆ ನನಗೆ ಯಾವಾಗಲೂ ಹೀಗೇ ಆಗುತ್ತದೆ.

ಸ್ಕ್ಯಾನರ್ ಹಾಕಿದೆ. ಮೂರನೇ ಸಿಲಿಂಡರಿನಲ್ಲಿ ಬೆಂಕಿ ಸರಿಯಾಗಿ ಹತ್ತುತ್ತಿಲ್ಲ, ಒಂದು ಸ್ಪಾರ್ಕ್ ಪ್ಲಗ್ ಹೋಗಿದೆ, ಅಷ್ಟೇ. ನಿಮ್ಮ ಕೈ ಕಾಲು ಗಟ್ಟಿಯಾಗಿವೆ ಮೇಷ್ಟ್ರೇ, ಪ್ಲಗ್ಗಿಗೆ ಮಾತ್ರ ವಯಸ್ಸಾಗಿದೆ ಅಂದೆ. ಅವರ ಮುಖ ಅರಳಿತು. ನಾನು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಪರದೆಯ ಮೇಲೆ ಇದ್ದದ್ದನ್ನು ಗಟ್ಟಿಯಾಗಿ ಓದಿಬಿಟ್ಟೆ, ತೊಂದರೆ ಶುರುವಾದಾಗ ಕಾರು ನೂರಾ ಹದಿನೆಂಟರಲ್ಲಿತ್ತು ಎಂದು.

ಮೇಷ್ಟ್ರು ನಕ್ಕರು. ನಿನ್ನ ಮಿಷನ್‌ಗೆ ಲೆಕ್ಕ ಬರುವುದಿಲ್ಲ ಕಣಯ್ಯ, ನಮ್ಮ ಸ್ಕೂಲಿಗೆ ಕಳಿಸು ಅಂದರು. ಈ ಕಾರಿನ ಜನ್ಮದಲ್ಲಿ ಅಂಥ ಸ್ಪೀಡೇ ಇಲ್ಲ ಎಂದು ನನಗೆ ವಿವರಿಸತೊಡಗಿದರು. ಹಿಂದಿನ ಸೀಟಿನಲ್ಲಿದ್ದ ಅವರ ಹೆಂಡತಿ ಮಾತ್ರ ಕಿಟಕಿಯ ಆಚೆ ಇದ್ದ ಒಂದು ಹಳೆ ಟಯರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಪ್ಲಗ್ ಹಾಕಿದ್ದಾಯಿತು. ಮೇಷ್ಟ್ರು ಪಕ್ಕದ ಅಂಗಡಿಯಲ್ಲಿ ಎಲೆ ಅಡಿಕೆ ತರಲು ಹೋದರು. ಅಮ್ಮ ಮೆಲ್ಲಗೆ ಇಳಿದು ನನ್ನ ಹತ್ತಿರ ಬಂದರು.

"ಅದರೊಳಗೆ ಇದ್ದದ್ದು ಅಳಿಸೋಕಾಗುತ್ತೇನಪ್ಪ?"

ಆಗಲೇ ಅಳಿಸಿದೆ ಅಮ್ಮ ಅಂದೆ.

"ದೇವರು ನಿನ್ನ ಚೆನ್ನಾಗಿಟ್ಟಿರಲಿ. ಅವರು ಮಧ್ಯಾಹ್ನ ಮಲಗಿದ್ರೆ ನಾಲ್ಕಕ್ಕೇ ಏಳೋದು. ಅಷ್ಟರೊಳಗೆ ನಂಜನಗೂಡಿಗೆ ಹೋಗಿ ಅಕ್ಕನ್ನ ನೋಡ್ಕೊಂಡು ಬರಬೇಕಲ್ಲ. ನಲವತ್ತರಲ್ಲಿ ಹೋದ್ರೆ ಆಗುತ್ತಾ ನೀನೇ ಹೇಳು."

ಎರಡು ಕಿಲೋಮೀಟರ್ ಗ್ಯಾರಂಟಿ

ಇದು ಚಿಕ್ಕದು. ನಮ್ಮ ಬೀದಿಯ ಟೈಲರ್ ಒಂದು ಸೆಕೆಂಡ್ ಹ್ಯಾಂಡ್ ಕಾರು ಮೆಚ್ಚಿಕೊಂಡಿದ್ದ. ಮಾರುವವನು ಅದನ್ನು ತೋರಿಸಲು ನನ್ನ ಗ್ಯಾರೇಜಿಗೇ ತಂದ. ಕಾರು ಹೊರಗಿನಿಂದ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಕೊಂಡಾಗಿನಿಂದ ಒಂದೇ ಒಂದು ತೊಂದರೆ ಇಲ್ಲ, ನಮ್ಮ ಮಕ್ಕಳಾಣೆಗೂ ಇಲ್ಲ ಅಂದ.

ಸ್ಕ್ಯಾನರ್ ಹಾಕಿದರೆ ನಿಜವಾಗಿಯೂ ಒಂದು ದೋಷವೂ ಇರಲಿಲ್ಲ. ಟೈಲರ್ ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿಯೇಬಿಟ್ಟ. ನಾನು ಅವನ ಕೈ ಹಿಡಿದು ಕೆಳಗಿನ ಸಾಲು ತೋರಿಸಿದೆ. ಕಾರಿನ ನೆನಪನ್ನು ಯಾರೋ ಪೂರ್ತಿ ಒರೆಸಿಹಾಕಿದ್ದರು, ಒರೆಸಿದ ಮೇಲೆ ಅದು ಓಡಿದ್ದು ಬರೀ ಎರಡು ಕಿಲೋಮೀಟರ್. ಮಾರುವವನ ಮನೆಯಿಂದ ನನ್ನ ಗ್ಯಾರೇಜಿಗೆ ಇರುವ ದೂರವೂ ಸರಿಯಾಗಿ ಅಷ್ಟೇ. ಟೈಲರ್ ಜೇಬಿನಿಂದ ಕೈ ತೆಗೆದು ನಿಟ್ಟುಸಿರು ಬಿಟ್ಟ. ನಾನು ಮಾರುವವನ ಮುಖ ನೋಡಿದೆ.

ಅವನು ಒಂದು ಚೂರೂ ಅಳುಕಲಿಲ್ಲ. "ಅದೇ ಸಾರ್ ನಾನೂ ಹೇಳ್ತಿರೋದು," ಅಂದ. "ಆ ಎರಡು ಕಿಲೋಮೀಟರಲ್ಲಿ ಏನಾದ್ರೂ ತೊಂದ್ರೆ ಕೊಡ್ತಾ?"

ಕಾರಿಗೆ ಕಣ್ಣು ಕಟ್ಟಿದ ಕಥೆ

ದಸರಾ ಬಂದರೆ ಊರಿಗೆಲ್ಲ ಹಬ್ಬ, ನನಗೆ ಆಯುಧ ಪೂಜೆಯ ಮಾರನೇ ದಿನದಿಂದ ಸುಗ್ಗಿ. ಹಿಂದಿನ ದಿನ ಕಾರಿಗೆ ಅಭ್ಯಂಜನ ಮಾಡಿಸುತ್ತೇವೆಂದು ಬಾನೆಟ್ ಎತ್ತಿ ಪೈಪಿನಲ್ಲಿ ನೀರು ಹೊಡೆದವರೆಲ್ಲ ಸಾಲಾಗಿ ನಿಂತಿರುತ್ತಾರೆ. ಅಂಥ ಸಾಲಿನಲ್ಲಿ ಒಂದು ಸಲ ಹೊಚ್ಚ ಹೊಸ ದೊಡ್ಡ ಕಾರೊಂದು ಬಂತು. ಯಜಮಾನ ಸುಮಾರು ಮೂವತ್ತರವನು, ಜೊತೆಗೆ ಅವನ ಅಜ್ಜಿ. ಪೂಜೆ ಮಾಡಿಸಿದ ಗಳಿಗೆಯಿಂದ ಕಾರಿನಲ್ಲಿ ಮೂರು ಲೈಟು ಹತ್ತಿವೆ, ಒಂದೇ ಸಮ ಕುಂಯ್ ಕುಂಯ್ ಅನ್ನುತ್ತದೆ ಎಂದು ಹುಡುಗ ಗಾಬರಿಯಾಗಿದ್ದ. ಸಾಲ ಮಾಡಿ ಕೊಂಡ ಗಾಡಿ, ಮೂರು ತಿಂಗಳೂ ಆಗಿಲ್ಲ, ಶೋರೂಮಿಗೆ ಹಬ್ಬದ ರಜ. ಪೂಜೆಯಲ್ಲೇ ಏನೋ ಲೋಪವಾಗಿದೆ, ಕುಂಬಳಕಾಯಿ ಒಡೆಯುವಾಗ ಮೊಮ್ಮಗ ಎಡಗೈ ಹಾಕಿದ ಎಂದು ಅಜ್ಜಿಗೆ ಅನುಮಾನ. ಇಬ್ಬರೂ ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ.

ಸ್ಕ್ಯಾನರ್ ಹಾಕಿದೆ. ಮುಂದಿನ ಸೆನ್ಸರಿಗೆ ಏನೋ ಅಡ್ಡ ಬಂದಿದೆ, ಕಣ್ಣು ಕಾಣುತ್ತಿಲ್ಲ ಎಂದು ಬರೆದುಕೊಂಡಿತ್ತು. ಈಗಿನ ಕಾರುಗಳಿಗೆ ಮೂತಿಯ ನಡುವೆ ಒಂದು ಚಪ್ಪಟೆ ಕಣ್ಣಿರುತ್ತದೆ, ಮುಂದಿನ ವಾಹನ ಎಷ್ಟು ದೂರದಲ್ಲಿದೆ ಎಂದು ನೋಡಲು. ಮುಂದೆ ಹೋಗಿ ನೋಡಿದೆ. ಆ ಕಣ್ಣಿನ ಮೇಲೆ ಮೊದಲು ಗಂಧ, ಗಂಧದ ಮೇಲೆ ವಿಭೂತಿ, ವಿಭೂತಿಯ ಮೇಲೆ ಕಾಸಿನಗಲ ಕುಂಕುಮ, ಅದರ ಮೇಲೆ ಒಂದು ಮೊಳ ಸೇವಂತಿಗೆ ಇತ್ತು. ಹಣೆ ಅಂತ ತಿಳಿದು ಅಜ್ಜಿ ಕಣ್ಣಿಗೇ ಇಟ್ಟಿದ್ದರು. ಕಾರಾದರೂ ಏನು ಮಾಡೀತು, ಕುಂಯ್ ಅನ್ನದೆ?

ಹೂವು ಸರಿಸಿ, ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿದೆ. ಲೈಟುಗಳೆಲ್ಲ ಆರಿದವು. ಹುಡುಗ ನನ್ನ ಗ್ರೀಸಿನ ಕೈಯನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡ. ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. ಕುಂಕುಮ ಒರೆಸಿದರೆ ಗಾಡಿ ಸರಿಹೋಗುತ್ತದೆ ಎಂದರೆ ಇದೆಂಥ ಗಾಡಿ, ಬರೀ ಮೂತಿಯಲ್ಲಿ ಮನೆಗೆ ಕರೆದುಕೊಂಡು ಹೋಗುವುದು ಹೇಗೆ ಎಂದು ಸಂಕಟ. ಬೇರೆ ಎಲ್ಲಿಗಾದರೂ ಹಚ್ಚಿ ಅಜ್ಜಿ, ಕಣ್ಣಿಗೆ ಮಾತ್ರ ಬೇಡ ಅಂದೆ.

ಅವರು ಸೆರಗಿನ ಗಂಟಿನಿಂದ ಕುಂಕುಮದ ಪೊಟ್ಟಣ ಬಿಚ್ಚಿ ಸುತ್ತಮುತ್ತ ನೋಡಿದರು. "ನಿನ್ ಮಿಷನ್‌ಗೆ ಕಣ್ಣಿಲ್ವಲ್ಲ ಮಗ?" ಅಂದವರೇ, ನನ್ನ ಸ್ಕ್ಯಾನರಿನ ಪರದೆಯ ನಟ್ಟನಡುವೆ ಹೆಬ್ಬೆರಳಿನಗಲ ಹಚ್ಚಿಬಿಟ್ಟರು.

ಭಾನುವಾರ ಐದು ಗಂಟೆಗೆ

ಇಲ್ಲಿಯವರೆಗೆ ಹೇಳಿದ್ದು ಗಿರಾಕಿಗಳ ವಿಷಯ. ಈಗ ಹೇಳುವುದು ನಮ್ಮ ಮನೆಯದೇ. ಆಗ ಮಾತ್ರ ನನಗೆ ನಗು ಬಂದಿರಲಿಲ್ಲ.

ನಮ್ಮಣ್ಣ ಸರಸ್ವತಿಪುರಂನಲ್ಲಿದ್ದಾನೆ, ಬ್ಯಾಂಕಿನ ನೌಕರಿ. ಅವನಿಗೆ ಒಬ್ಬಳೇ ಮಗಳು. ಹುಣಸೂರಿನ ಕಡೆಯ ಒಂದು ಸಂಬಂಧ ಬಂದಿತ್ತು. ಎರಡೂ ಮನೆಯವರು ಹೂಂ ಅಂದ ಮೇಲೆ ಹುಡುಗ ಹುಡುಗಿ ಒಂದು ತಿಂಗಳು ಫೋನಿನಲ್ಲಿ ಮಾತಾಡಿಕೊಂಡಿದ್ದರು. ನಮ್ಮ ಹುಡುಗಿಗೆ ಅವನ ಮೇಲೆ ಮನಸ್ಸು ಪೂರ್ತಿ ಕೂತಿತ್ತು. ಇನ್ನು ಹಿರಿಯರು ಬಂದು ಹುಡುಗಿ ನೋಡುವ ಶಾಸ್ತ್ರ ಒಂದು ಬಾಕಿ. ಭಾನುವಾರ ಸಂಜೆ ಐದು ಗಂಟೆಗೆ ಬನ್ನಿ ಎಂದು ಅಣ್ಣ ಹೇಳಿಕಳಿಸಿದ್ದ. ನಾನೂ ಹೋಗಿದ್ದೆ.

ಐದಾಯಿತು, ಐದೂವರೆ ಆಯಿತು, ಯಾರೂ ಬರಲಿಲ್ಲ. ಫೋನ್ ಮಾಡಿದರೆ ಬರುತ್ತಿದ್ದೇವೆ, ಕಾರು ಬಿಸಿಯಾಗಿದೆ ಅಂದರು. ಕೇಸರಿಬಾತು ಗಟ್ಟಿಯಾಯಿತು, ಅಣ್ಣನ ಮುಖವೂ ಗಟ್ಟಿಯಾಯಿತು. ಆ ಮನೆಯವರಿಗೆ ಸರಸ್ವತಿಪುರಂನಲ್ಲೇ ಇನ್ನೊಂದು ಸಂಬಂಧವೂ ಬಂದಿದೆ ಎಂದು ಯಾರೋ ಅವನ ಕಿವಿ ಕಚ್ಚಿದ್ದರು. ಒಂದೇ ಪೆಟ್ರೋಲಿನಲ್ಲಿ ಎರಡು ಹುಡುಗಿ ನೋಡಿಕೊಂಡು ಹೋಗುವ ಜನ ಇವರು, ಮೊದಲು ಅಲ್ಲಿಗೆ ಹೋಗಿದ್ದಾರೆ ಎಂದು ಅವನು ಹಾಲಿನಲ್ಲಿ ಶತಪಥ ಹಾಕತೊಡಗಿದ. ಅತ್ತಿಗೆ ಮಾತ್ರ ಆರಾಮಾಗಿ ಬಜ್ಜಿಗೆ ಬಾಳೆಕಾಯಿ ಹೆಚ್ಚುತ್ತಿದ್ದರು. ಬರಲಿ ಬಿಡಿ ನಿಧಾನಕ್ಕೆ ಅಂದರು.

ಆರು ದಾಟುತ್ತಿದ್ದ ಹಾಗೆ ಬಂದರು, ಕಾರನ್ನು ತಳ್ಳಿಕೊಂಡು. ಗರಿಗರಿ ಷರ್ಟಿನ ಹುಡುಗ ಹಿಂದಿನಿಂದ ನೂಕುತ್ತಿದ್ದ, ಅವರಪ್ಪ ಪಕ್ಕದಲ್ಲಿ ನಡೆಯುತ್ತ ಕಿಟಕಿಯೊಳಗೆ ಕೈ ಹಾಕಿ ಸ್ಟೀರಿಂಗ್ ತಿರುಗಿಸುತ್ತಿದ್ದರು, ಅಮ್ಮ ರೇಷ್ಮೆ ಸೀರೆಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಹಿಂದೆ ಬರುತ್ತಿದ್ದರು. ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಏಳುತ್ತಿತ್ತು. ಹುಣಸೂರು ರಸ್ತೆಯ ಇಲವಾಲದ ಹತ್ತಿರ ಕುದಿಯಲು ಶುರುವಾಯಿತು, ಅಲ್ಲೇ ನಿಲ್ಲಿಸಿ ಆರಿಸಿಕೊಂಡು ಬರುವಷ್ಟರಲ್ಲಿ ತಡವಾಯಿತು ಎಂದು ಹುಡುಗನ ಅಪ್ಪ ಕ್ಷಮೆ ಕೇಳಿದರು. ಅಣ್ಣ ಅವರನ್ನು ನಗುಮುಖದಿಂದಲೇ ಒಳಗೆ ಕೂರಿಸಿ, ನನ್ನನ್ನು ಬಾಗಿಲ ಮರೆಗೆ ಎಳೆದ.

"ನಿನ್ ಮಿಷನ್ ಗಾಡೀಲಿದೆ ತಾನೇ? ಹಾಕಿ ನೋಡು. ಇಲವಾಲ ನಿಜವೋ ಸುಳ್ಳೋ ತಿಳೀಬೇಕು. ಸುಳ್ಳಾದ್ರೆ ಕಾಫಿ ಕೊಟ್ಟು ಕಳಿಸಿಬುಡ್ತೀನಿ, ಹುಡುಗಿ ತೋರಿಸಲ್ಲ."

ರಿಪೇರಿಯ ನೆಪ ಮಾಡಿ ಹೊರಗೆ ಬಂದೆ. ಹುಡುಗನೂ ಬಾನೆಟ್ ಎತ್ತಲು ಜೊತೆಗೆ ಬಂದ. ಸ್ಕ್ಯಾನರ್ ತರಲು ನನ್ನ ಗಾಡಿಯ ಕಡೆ ಹೋಗುವಾಗ ಅಡುಗೆಮನೆಯ ಕಿಟಕಿಯಿಂದ ಹುಡುಗಿ ಪಿಸುಗುಟ್ಟಿದಳು.

"ಚಿಕ್ಕಪ್ಪ, ಅದು ಏನು ಹೇಳಿದ್ರೂ ಅಪ್ಪನಿಗಿಂತ ಮೊದಲು ನನಗೆ ಹೇಳಿ."

ಸೀರೆಯುಟ್ಟು, ಮಲ್ಲಿಗೆ ಮುಡಿದು, ಕಣ್ಣಿನಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ನಾನು ಎತ್ತಿ ಆಡಿಸಿದ ಕೂಸು. ಈ ಸ್ಕ್ಯಾನರ್ ಇವತ್ತೊಂದು ದಿನ ಕೆಟ್ಟುಹೋಗಬಾರದೇ ಎಂದು ನನ್ನ ಮನಸ್ಸು ಬೇಡಿಕೊಂಡಿತು.

ಅದೆಲ್ಲಿ ಕೆಡುತ್ತದೆ. ರೇಡಿಯೇಟರ್ ಫ್ಯಾನು ತಿರುಗುತ್ತಿಲ್ಲ, ಅದಕ್ಕೆ ಎಂಜಿನ್ ಕುದಿದಿದೆ ಎಂದು ತೋರಿಸಿತು. ಅಲ್ಲಿಯವರೆಗೆ ಸರಿ. ಆದರೆ ಫ್ಯಾನು ಇಲ್ಲದ ಕಾರು ಓಡುವಾಗ ಕುದಿಯುವುದಿಲ್ಲ, ಎದುರು ಗಾಳಿಯೇ ತಂಪು ಮಾಡುತ್ತದೆ. ನಿಂತಲ್ಲೇ ಎಂಜಿನ್ ಚಾಲು ಇಟ್ಟರೆ ಕುದಿಯುತ್ತದೆ. ಕುದಿದಾಗ ವೇಗ ಸೊನ್ನೆ ಎಂದೇ ಬರೆದಿತ್ತು. ಅದರ ಕೆಳಗೆ ಇನ್ನೊಂದು ಸಾಲು, ಲೈಟು ಹತ್ತಿದ ಮೇಲೆ ಓಡಿದ ದೂರ, ಅದೂ ಸೊನ್ನೆ. ಇಲವಾಲದಲ್ಲಿ ಕುದಿದ ಕಾರು ಇಲ್ಲಿಗೆ ಬರುವಷ್ಟರಲ್ಲಿ ಹತ್ತಾರು ಕಿಲೋಮೀಟರ್ ತೋರಿಸಬೇಕಿತ್ತು. ಇದು ಕುದಿದದ್ದು ಇಲ್ಲೇ, ನಮ್ಮ ಬೀದಿಯ ಆಸುಪಾಸಿನಲ್ಲೇ.

ನಾನು ಪರದೆ ಮುಚ್ಚುವ ಮೊದಲೇ, ಒಳಗಿನಿಂದ ಎದ್ದು ಬಂದ ಅಣ್ಣ ಹಿಂದಿನಿಂದ ಬಗ್ಗಿ ಓದಿದ್ದ. ಸೊನ್ನೆಯ ಅರ್ಥ ಬ್ಯಾಂಕಿನವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನ ಕಿವಿ ಕೆಂಪಾಯಿತು. ಇಲ್ಲೇ ಪಕ್ಕದಲ್ಲಿ ಒಂದು ಗಂಟೆ ನಿಂತಿದ್ದಾರೆ ಅಂದರೆ ಆ ಇನ್ನೊಂದು ಮನೆಗೇ ಹೋಗಿದ್ದಾರೆ ಎಂದು ಒಳಗೆ ಹೊರಟ. ನಾನು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಹುಡುಗನನ್ನೇ ನೇರವಾಗಿ ಕೇಳಿದೆ. ಕಾರು ಇಲವಾಲದಲ್ಲಿ ಕುದಿದಿಲ್ಲ ಕಣಪ್ಪ, ಈ ಮಿಷನ್ ಹೇಳುತ್ತಿದೆ, ನಿಜ ಹೇಳಿಬಿಡು, ನಮ್ಮ ಮಗಳ ಬಾಳಿನ ವಿಷಯ ಅಂದೆ.

ಹುಡುಗ ಬೆವರು ಒರೆಸಿಕೊಂಡ. ಒಮ್ಮೆ ಮನೆಯ ಬಾಗಿಲಿನ ಕಡೆ ನೋಡಿದ.

"ಅಂಕಲ್, ನಾವು ಐದಕ್ಕೆ ಮೊದಲೇ ಬಂದುಬುಟ್ವಿ. ಆ ತಿರುವಲ್ಲಿ ಟ್ಯುಟೋರಿಯಲ್ ಇದೆಯಲ್ಲ, ಅಲ್ಲೇ ನಿಂತಿದ್ವಿ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ಆರಾಗೋವರೆಗೂ ಕಾಲು ಕೆಳಗಿಡಬೇಡ ಅಂದ್ರು ಅಮ್ಮ. ರೇಷ್ಮೆ ಸೀರೆ ಸೆಕೆ ಅಂತ ಏಸಿ ಹಾಕ್ಕೊಂಡು ಎಂಜಿನ್ ಆನಲ್ಲೇ ಇಟ್ಟಿದ್ವಿ. ನೀವು ಓದಿದ ಜನ, ರಾಹುಕಾಲ ಅಂದ್ರೆ ನಗ್ತೀರಿ ಅಂತ, ಫೋನ್ ಬಂದ್ರೆ ಕಾರು ಬಿಸಿಯಾಯ್ತು ಅಂತ ಹೇಳೋಣ ಅಂದ್ರು ಅಪ್ಪ. ಹಾಗಂದು ಫೋನ್ ಇಟ್ಟ ಮೇಲೆ ನಿಜವಾಗ್ಲೂ ಬಿಸಿಯಾಗೋಯ್ತು ಅಂಕಲ್."

ಅಣ್ಣ ಅಲ್ಲೇ ಕಾಂಪೌಂಡಿನ ಕಟ್ಟೆಯ ಮೇಲೆ ಕುಸಿದು ಕೂತ. ಮೊದಲು ಅಳುತ್ತಿದ್ದಾನೆ ಅಂದುಕೊಂಡೆ, ಆಮೇಲೆ ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕಿಟಕಿಯ ಹಿಂದಿನಿಂದ ಹುಡುಗಿಯ ನಗುವೂ ಕೇಳಿಸಿತು. ಆಗ ಗೊತ್ತಾಯಿತು ನನಗೆ ಎಷ್ಟು ಹಸಿವಾಗಿದೆ ಎಂದು.

ಒಳಗೆ ಹೋಗಿ ಎಲ್ಲವನ್ನೂ ಹೇಳಿದ್ದಾಯಿತು. ಹುಡುಗನ ಅಮ್ಮ ನಾಚಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಮ್ಮ ಹುಡುಗಿ ಕಾಫಿ ತಟ್ಟೆ ತಂದಳು. ಹುಡುಗನ ಅಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ನಮಗೆ ಒಪ್ಪಿಗೆ, ಇನ್ನು ಕೇಳುವುದೇನೂ ಇಲ್ಲ ಅಂದರು. ಅಣ್ಣನಿಗೆ ಖುಷಿ ತಡೆಯಲಾಗಲಿಲ್ಲ. ನನ್ನ ಬೆನ್ನು ತಟ್ಟಿ, ನೋಡಿ ಬೀಗರೇ, ನನ್ನ ತಮ್ಮನ ಮಿಷನ್ ಇದೆಯಲ್ಲ, ತಪ್ಪು ಎಲ್ಲೇ ಅಡಗಿ ಕೂತಿರಲಿ, ಹುಡುಕಿ ಎಳೆದು ಹಾಕುತ್ತದೆ ಎಂದು ಕೊಚ್ಚಿಕೊಂಡ.

ಅಡುಗೆಮನೆಯಿಂದ ಅತ್ತಿಗೆ ಬಿಸಿ ಬಜ್ಜಿಯ ತಟ್ಟೆ ತಂದು ನನ್ನ ಮುಂದೆ ಇಟ್ಟರು. ಗಂಡನ ಕಡೆ ನೋಡಲೂ ಇಲ್ಲ.

"ಭಾನುವಾರ ರಾಹುಕಾಲ ಇದೆ, ಆರರ ಮೇಲೆ ಕರೀರಿ ಅಂತ ಮೂರು ಸಲ ಬಡ್ಕೊಂಡಿದ್ದೆ ಕಣಪ್ಪ," ಅಂದರು. "ಬಜ್ಜಿ ತಿಂದ್ಕೊಂಡು, ಐದು ಗಂಟೇನೇ ಸರಿ ಅಂದ ಆ ತಲೆಗೂ ಒಂದ್ಸಲ ವೈರು ಸಿಕ್ಸಿ ನೋಡು."